ನೇಯುವವಳನ್ನು ಮಾರುವವಳನ್ನಾಗಿ ಬರೆದ ಬಗ್ಗೆ ದೂರು

ದಿನಾಂಕ: 18 ಆಗಸ್ಟ್ 2025

ಇಂದ:
ಪವರ್‌ಲೂಮ್ ಘಟಕದ ಮಾಲಕಿ, ರಬಕವಿ-ಬನಹಟ್ಟಿ, ಬಾಗಲಕೋಟೆ ಜಿಲ್ಲೆ

ಗೆ:
ಮಾಲೀಕರು, ಲೈಸೆನ್ಸ್ ಮತ್ತು ಟೆಂಡರ್ ಸಲಹಾ ಕಚೇರಿ, ನವನಗರ, ಬಾಗಲಕೋಟೆ

ವಿಷಯ: ಉದ್ಯಮ್ ನೋಂದಣಿಯಲ್ಲಿ ತಪ್ಪು ನಮೂದು, ಇಲ್ಲದ ರಿನ್ಯೂವಲ್‌ಗೆ ಹಣ ಪಡೆದದ್ದು, ಅದರಿಂದ ವಿಶ್ವವಿದ್ಯಾಲಯವೊಂದರ ಖರೀದಿಯಲ್ಲಿ ನನ್ನ ಬಿಡ್ ತಿರಸ್ಕೃತವಾದದ್ದು

ಮಾನ್ಯರೇ,

2024ರ ಫೆಬ್ರುವರಿಯಲ್ಲಿ ನಿಮ್ಮ ಕಚೇರಿಯಿಂದ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವುದು), ನಗರಸಭೆ ಟ್ರೇಡ್ ಲೈಸೆನ್ಸ್, ಜೆಮ್ ಅಂದರೆ ಸರ್ಕಾರಿ ಖರೀದಿಯ ಆನ್‌ಲೈನ್ ಪೋರ್ಟಲ್‌ನಲ್ಲಿ ಖಾತೆ, ಈ ಮೂರೂ ಮಾಡಿಸಿಕೊಂಡೆ. ಒಟ್ಟು 8,500 ರೂಪಾಯಿ ಕೊಟ್ಟೆ. ಟ್ರೇಡ್ ಲೈಸೆನ್ಸ್ ಬಗ್ಗೆ ನನ್ನ ತಕರಾರಿಲ್ಲ. ನಗರಸಭೆಯ ರಸೀದಿಗಿಂತ ಹೆಚ್ಚು ತಗೊಂಡಿದ್ದೀರಿ, ಅದು ಓಡಾಡಿದ ಕೂಲಿ ಅಂತ ಬಿಟ್ಟೆ. ಜೆಮ್ ಖಾತೆಗೆ ಕೊಟ್ಟ 3,000ವನ್ನೂ ಕೇಳುವುದಿಲ್ಲ. ತಕರಾರು ಇರುವುದು ಉದ್ಯಮ್ ಸರ್ಟಿಫಿಕೇಟಿನ ಒಂದು ಸಾಲಿನ ಬಗ್ಗೆ.

ಅವತ್ತು ನಿಮ್ಮ ಹುಡುಗ ಫೋನ್ ಮಾಡಿದಾಗ ಆರೂ ಮಗ್ಗ ಓಡುತ್ತಿದ್ದವು. ಮಗ್ಗದ ಮನೆಯೊಳಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. "ಅಕ್ಕಾರ, ಏನೂ ಚಿಂತಿ ಮಾಡಬ್ಯಾಡ್ರಿ, ಒಂದ್ ಓಟಿಪಿ ಬರ್ತೈತಿ, ಅಷ್ಟ ಹೇಳ್ರಿ ಸಾಕು" ಅಂದ. ಕೈಯಲ್ಲಿ ಕಂಡಿಕೆ ಹಿಡಿದುಕೊಂಡೇ ಹೊರಗೆ ಬಂದು ಆರು ಅಂಕಿ ಎರಡು ಸಲ ಒದರಿದೆ. ನಾನು ನೇಯುತ್ತೇನೋ, ತಂದು ಮಾರುತ್ತೇನೋ ಅಂತ ಅವನು ಕೇಳಲಿಲ್ಲ. ಬಟ್ಟೆ ಅಂದ ಕೂಡಲೇ ಬಟ್ಟೆ ಅಂಗಡಿ ಅಂದುಕೊಂಡಿರಬೇಕು.

ಸರ್ಟಿಫಿಕೇಟ್ ಬಂತು. ಕಟ್ಟು ಹಾಕಿಸಿ ಬನಶಂಕರಿ ಫೋಟೋದ ಪಕ್ಕ ತೂಗುಹಾಕಿದೆ. ಒಂದೂವರೆ ವರ್ಷ ಅದರ ಕೆಳಗೇ ಕೂತು ಲೆಕ್ಕ ಬರೆದಿದ್ದೇನೆ. ಅದರಲ್ಲಿ ಮುಖ್ಯ ಚಟುವಟಿಕೆ ಅನ್ನುವಲ್ಲಿ ಇಂಗ್ಲಿಷಿನಲ್ಲಿ 'ಟ್ರೇಡಿಂಗ್' ಅಂತ ಇದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಉದ್ಯಮ ಯಾವ ಬಗೆಯದು ಅಂತ ಹೇಳುವ ಎನ್‌ಐಸಿ ಕೋಡ್ 46ರಿಂದ ಶುರುವಾಗಿದೆ, ಅದು ಸಗಟು ವ್ಯಾಪಾರದ್ದು. ಜವಳಿ ತಯಾರಿಕೆಯ ಕೋಡ್ 13ರಿಂದ ಶುರುವಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಜಿಲ್ಲಾ ಕೈಗಾರಿಕಾ ಕೇಂದ್ರದವರು, ಅದೂ ಬಿಡ್ ಹೋದ ಮೇಲೆ.

ಈ ಒಂದು ಪದದಿಂದ ಏನಾಯಿತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಹುಡುಗ "ಅದೊಂದ್ ಸಣ್ಣ ಮಿಸ್ಟೇಕ್ ಅಕ್ಕಾರ" ಅಂದ.

ಕಳೆದ ಜೂನ್‌ನಲ್ಲಿ ಹೊರರಾಜ್ಯದ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಹಾಸ್ಟೆಲ್‌ಗೆ 1,200 ಬೆಡ್‌ಶೀಟ್ ಬೇಕೆಂದು ಜೆಮ್‌ನಲ್ಲಿ ಬಿಡ್ ಕರೆದಿತ್ತು. ಎಂಎಸ್‌ಇ (ಕಿರು ಮತ್ತು ಸಣ್ಣ ಉದ್ಯಮ) ಖರೀದಿ ಆದ್ಯತೆ ಅನ್ನುವ ಕಡೆ 'ಹೌದು' ಅಂತ ಇತ್ತು. ಆ ಆದ್ಯತೆಯ ಮೂಲ ಕೇಂದ್ರ ಸರ್ಕಾರದ 2012ರ ಆದೇಶ. ವರ್ಷದ ಖರೀದಿಯಲ್ಲಿ 25% ಕಿರು ಮತ್ತು ಸಣ್ಣ ಉದ್ಯಮಗಳಿಂದ ಆಗಬೇಕು, ಅದರೊಳಗೆ 4% ಪರಿಶಿಷ್ಟ ಜಾತಿ-ಪಂಗಡದವರ ಉದ್ಯಮಗಳಿಂದ, 3% ಮಹಿಳೆಯರ ಉದ್ಯಮಗಳಿಂದ. ಇದನ್ನೆಲ್ಲ ನೀವೇ ನನಗೆ ಹೇಳಿ ಆಸೆ ಹುಟ್ಟಿಸಿದ್ದಿರಿ. ಹೇಳದೇ ಬಿಟ್ಟದ್ದು ಇಷ್ಟು: ಈ ಸವಲತ್ತು ತಯಾರಿಸುವವರಿಗೆ, ಬರೀ ವ್ಯಾಪಾರ ಮಾಡುವವರಿಗಲ್ಲ. 2021ರ ಜುಲೈನಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳನ್ನು ಉದ್ಯಮ್‌ಗೆ ಸೇರಿಸಿಕೊಂಡಾಗಲೂ ಅವರಿಗೆ ಸಿಕ್ಕದ್ದು ಬ್ಯಾಂಕಿನ ಆದ್ಯತಾ ಸಾಲದ ಲಾಭ ಮಾತ್ರ. ನಿಮ್ಮದು ಇದೇ ಕಸುಬು, ನಿಮಗೆ ಇದು ಗೊತ್ತಿರಲೇಬೇಕು.

ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟಬೇಕಾದ ಠೇವಣಿ, 10,800 ಇತ್ತು. "ಎಂಎಸ್‌ಇ ಇದ್ದೀರಲ್ರಿ, ಕಟ್ಟೂದ ಬ್ಯಾಡ" ಅಂದಿರಿ. ಕಟ್ಟಲಿಲ್ಲ. ತಾಂತ್ರಿಕ ಪರಿಶೀಲನೆಯಲ್ಲೇ ಬಿಡ್ ತಿರಸ್ಕಾರ ಆಯಿತು: ಸರ್ಟಿಫಿಕೇಟ್ ಪ್ರಕಾರ ಇವರು ವ್ಯಾಪಾರಿ, ವಿನಾಯಿತಿ ಇಲ್ಲ, ಇಎಂಡಿ ಕಟ್ಟಿಲ್ಲ. ವಿಶ್ವವಿದ್ಯಾಲಯದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕಾಗದದಲ್ಲಿ ಇದ್ದದ್ದನ್ನು ಓದಿದರು.

ದರ ತೆರೆದ ಮೇಲೆ ನನ್ನ ಮಗಳು ಬಿಡ್ ನಂಬರ್ ಹಾಕಿ ಫಲಿತಾಂಶ ತೆಗೆದು ನೋಡಿದಳು. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ಹೇಳಿದವರ ದರ, ಬೆಡ್‌ಶೀಟಿಗೆ 412 ರೂಪಾಯಿ, ಅವರು ಎಂಎಸ್‌ಇ ಅಲ್ಲ. ನನ್ನದು 448. ಎಲ್-1ಕ್ಕಿಂತ 15% ಒಳಗಿರುವ ಎಂಎಸ್‌ಇಗೆ ಅದೇ ದರಕ್ಕೆ ಇಳಿದು ಕಾಲು ಭಾಗ ಮಾಲು ಕೊಡುವ ಅವಕಾಶ ಸಿಗುತ್ತದೆ. 412ಕ್ಕೆ 15% ಕೂಡಿಸಿದರೆ 473 ರೂಪಾಯಿ 80 ಪೈಸೆ. ಅಂದರೆ ನಾನು ಆರಾಮಾಗಿ ಒಳಗಿದ್ದೆ. ಕಾಲು ಭಾಗ ಅಂದರೆ 300 ಬೆಡ್‌ಶೀಟ್, 1,23,600 ರೂಪಾಯಿಯ ಕೆಲಸ. ಅಷ್ಟನ್ನೂ ನಿಮ್ಮಿಂದ ಕೇಳುವಷ್ಟು ಲೆಕ್ಕ ಬಾರದವಳಲ್ಲ ನಾನು. ನೂಲು, ಬಣ್ಣ, ಕರೆಂಟು, ಕೂಲಿ, ಲಾರಿ ಬಾಡಿಗೆ ಕಳೆದರೆ 412ರಲ್ಲಿ ಉಳಿಯುವುದು ಬೆಡ್‌ಶೀಟಿಗೆ 20 ರೂಪಾಯಿ, ಒಟ್ಟು 6,000. ಆದರೆ ಅದು ಆಷಾಢದ ಕೆಲಸ. ಆಷಾಢದಲ್ಲಿ ಸೀರೆಗೆ ಗಿರಾಕಿ ಇರುವುದಿಲ್ಲ, ಆಗ ಮಗ್ಗ ನಡೆದರೆ ನೇಯುವವರ ವಾರದ ಪಗಾರ ನಿಲ್ಲುವುದಿಲ್ಲ. ಈ ಸಲ ನಾಲ್ಕು ಮಗ್ಗ ಹದಿನೈದು ದಿನ ನಿಂತಿದ್ದವು, ಹಾಸು ಹಾಕಿದ ಬೀಮು ಹಾಗೇ ಧೂಳು ತಿಂದಿತು.

ಇನ್ನು ತಿರಸ್ಕಾರದ ಸುದ್ದಿ. ಆಕ್ಷೇಪ ಹೇಳಲು ಜೆಮ್‌ನಲ್ಲಿ ಎರಡು ದಿನ ಟೈಮ್ ಇರುತ್ತದಂತೆ. ಆ ಮೆಸೇಜ್ ನನಗೆ ಬರಲೇ ಇಲ್ಲ, ಯಾಕೆಂದರೆ ನನ್ನ ಖಾತೆಗೆ ಕೊಟ್ಟಿರುವ ಮೊಬೈಲೂ ಇಮೇಲೂ ನಿಮ್ಮ ಕಚೇರಿಯವು. ಆಕ್ಷೇಪ ಹಾಕಿದ್ದರೂ ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ನಾನು ಜುಲೈನಲ್ಲಿ ಎರಡು ಸಲ ಫೋನ್ ಮಾಡಿ "ಏನಾತ್ರಿ?" ಅಂದಾಗ "ಇನ್ನೂ ತೆಗದಿಲ್ಲ" ಅಂದದ್ದು ಮಾತ್ರ ಶುದ್ಧ ಸುಳ್ಳು.

ನಿಮ್ಮ ಕಚೇರಿಗೆ ಬಂದಾಗ ಇನ್ನೊಂದು ನೋಡಿದೆ. ಹುಡುಗ ಮೇಜಿನ ಡ್ರಾ ಎಳೆದ. ಒಳಗೆ ಮೂವತ್ತು ನಲವತ್ತು ಡಿಜಿಟಲ್ ಸಹಿಯ ಟೋಕನ್‌ಗಳು (ಆನ್‌ಲೈನ್‌ನಲ್ಲಿ ಸಹಿ ಹಾಕುವ, ಪೆನ್‌ಡ್ರೈವ್‌ನಂಥವು), ಒಂದೊಂದಕ್ಕೂ ಹೆಸರು, ಪಾಸ್‌ವರ್ಡ್ ಬರೆದ ಚೀಟಿ, ರಬ್ಬರ್ ಬ್ಯಾಂಡು. ರಾಜ್ಯದ ಖರೀದಿ ಪೋರ್ಟಲ್‌ಗೆಂದು ಮಾಡಿಸಿದ ನನ್ನದೂ ಅದರಲ್ಲೇ ಇತ್ತು. ಕೇಳಿದರೆ "ಎಲ್ಲಾರೂ ಇಲ್ಲೇ ಇಟ್ಟಾರ" ಅಂದ. ನನ್ನ ಸಹಿ ನನ್ನ ಹತ್ತಿರ ಇರಬೇಕಿತ್ತು, ಬಿಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಅವತ್ತು ಕೇಳಿದರೂ ನೀವು ಊರಲ್ಲಿಲ್ಲ ಅಂತ ಕೊಡಲಿಲ್ಲ.

ಮೇ ತಿಂಗಳಲ್ಲಿ 'ಉದ್ಯಮ್ ರಿನ್ಯೂವಲ್' ಅಂತ 1,500 ತಗೊಂಡಿರಿ. ಉದ್ಯಮ್‌ಗೆ ರಿನ್ಯೂವಲ್ ಅನ್ನುವುದೇ ಇಲ್ಲ. 2020ರ ಜುಲೈ 1ರಂದು ಶುರುವಾದಾಗಿನಿಂದ ನೋಂದಣಿ ಪುಕ್ಕಟೆ, ತಿದ್ದುಪಡಿಯೂ ಪುಕ್ಕಟೆ. ಹೋಗಲಿ, ಆ ರಿನ್ಯೂವಲ್ ನೆವದಲ್ಲಾದರೂ ಒಮ್ಮೆ ಸರ್ಟಿಫಿಕೇಟ್ ತೆರೆದು ಓದಿದ್ದರೆ ತಪ್ಪು ಸಿಗುತ್ತಿತ್ತು, ಬಿಡ್‌ಗೆ ಇನ್ನೂ ಒಂದು ತಿಂಗಳಿತ್ತು.

ಇದೇ ವರ್ಷ ಫೆಬ್ರುವರಿಯಲ್ಲಿ ಮಹಿಳೆಯರ 3% ಇದೆ ಹೋಗ್ರಿ ಅಂತ ನಮ್ಮ ಭಾಗದ ಒಂದು ರಾಜ್ಯ ವಿಶ್ವವಿದ್ಯಾಲಯಕ್ಕೂ ಕಳಿಸಿದಿರಿ. ಅಲ್ಲಿಯ ಖರೀದಿ ವಿಭಾಗದವರು ಕುರ್ಚಿ ಕೊಟ್ಟು ಕೂರಿಸಿ, ತಮಗೆ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ ಅನ್ವಯ, ಕೇಂದ್ರದ ಆ ಆದೇಶ ತಮಗಲ್ಲ ಅಂದರು. ಶಕ್ತಿ ಯೋಜನೆಯಿಂದ ಬಸ್ಸಿನ ರೊಕ್ಕ ಉಳಿಯಿತು, ದಿನ ಹೋಯಿತು.

ಉದ್ಯಮ್ ತಿದ್ದುಪಡಿಯನ್ನು ನಾನೇ ಮಾಡಿಸಿದ್ದೇನೆ. ಕೈಗಾರಿಕಾ ಕೇಂದ್ರದಲ್ಲಿ ಅರ್ಧ ತಾಸಿನ ಕೆಲಸ, ಒಂದು ಪೈಸೆ ಕೇಳಲಿಲ್ಲ. ಈಗ ನಿಮ್ಮಿಂದ ಆಗಬೇಕಾದದ್ದು: ಉದ್ಯಮ್‌ಗೆ ಪಡೆದ 2,500 ಮತ್ತು ರಿನ್ಯೂವಲ್ಲಿನ 1,500 ಸೇರಿ 4,000 ರೂಪಾಯಿ ವಾಪಸ್, ಡಿಜಿಟಲ್ ಸಹಿಯ ಟೋಕನ್ ನನ್ನ ಕೈಗೆ, ಜೆಮ್ ಖಾತೆಯಲ್ಲಿ ನಿಮ್ಮ ಮೊಬೈಲ್, ಇಮೇಲ್ ತೆಗೆದು ನನ್ನವು. ಓಟಿಪಿ ನಿಮಗೇ ಬರುವುದರಿಂದ ಇದನ್ನು ನೀವಿಲ್ಲದೆ ಬದಲಾಯಿಸಲು ಆಗುತ್ತಿಲ್ಲ. ನಾನು ಯಾವ ದಿನ ಬರಬೇಕು ತಿಳಿಸಿ, ಬರುತ್ತೇನೆ.

ಈ ಪತ್ರ ಮುಟ್ಟಿದ 15 ದಿನದೊಳಗೆ ಇಷ್ಟು ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿ ಮೇಲಿನ 6,000ವನ್ನೂ ಸೇರಿಸಿ ಕೇಳುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಹಳೆಯ ಹಾಗೂ ತಿದ್ದಿದ ಸರ್ಟಿಫಿಕೇಟ್, ಫೋನ್‌ಪೇಯಲ್ಲಿ ಹಣ ಕೊಟ್ಟ ವಿವರ, ಬಿಡ್ ಫಲಿತಾಂಶದ ಪ್ರಿಂಟ್ ಲಗತ್ತಿಸಿದ್ದೇನೆ. ರಿನ್ಯೂವಲ್ ಹಣಕ್ಕೆ ನೀವು ರಸೀದಿ ಕೊಟ್ಟಿಲ್ಲ.

ತಮ್ಮ ಗ್ರಾಹಕಿ,
(ಸಹಿ)