ಪುಟ್ಟಿಗೆ, ಕೇಸ್ ಶೀಟಿನ ಬಗ್ಗೆ

ಹಾಸನ
ಭಾನುವಾರ

ಚಿ. ಸೌ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಸಕಲೇಶಪುರದಲ್ಲಿ ನಿನ್ನ ಹೊಸ ಆಸ್ಪತ್ರೆಯ ಕಟ್ಟಡಕ್ಕೆ ಬಣ್ಣ ಹೊಡೆಸುತ್ತಿದ್ದೀರಿ, ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಯಡಿ ನೋಂದಣಿಗೆ ಅರ್ಜಿ ಹಾಕಿ ಆಯಿತು ಅಂತ ನಿನ್ನಪ್ಪ ಫೋನಿನಲ್ಲಿ ಹೇಳಿದ. ಹಿಂದೆಯೇ, "ಅಕ್ಕಾ, ಅವಳಿಗೆ ರಾತ್ರಿ ನಿದ್ದೆ ಇಲ್ಲ. ಡಾಕ್ಟರ್ ಓದೋದಕ್ಕಿಂತ ಇಪ್ಪತ್ತು ಹಾಸಿಗೆ ಹಾಕೋದೇ ಕಷ್ಟ ಅಂತಾಳೆ" ಅಂದ. ಮೂವತ್ತೊಂದು ವರ್ಷ ವಾರ್ಡಿನಲ್ಲಿ ನಿಂತವಳು ನಾನು. ಹೇಳಬೇಕಾದ್ದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆತೇನು ಅಂತ ಬರೆಯಲು ಕೂತೆ.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಇದು ನಿನ್ನಪ್ಪನಿಗೂ ಗೊತ್ತಿಲ್ಲ.

ನಾನಿದ್ದ ಆಸ್ಪತ್ರೆಗಳಲ್ಲಿ ಒಂದರಲ್ಲಿ, ಹೆಸರು ಬೇಡ, ಒಂದು ರಾತ್ರಿ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಡಾಕ್ಟರು ಓಡಿ ಬಂದರು, ಡ್ರಿಪ್ ಏರಿಸಿದೆವು, ಇಂಜೆಕ್ಷನ್ ಕೊಟ್ಟೆವು, ರಕ್ತಕ್ಕೆ ಆಳು ಕಳಿಸಿದೆವು. ಮಾಡಬೇಕಾದ್ದೆಲ್ಲ ಮಾಡಿದೆವು, ಆದರೆ ಕೇಸ್ ಶೀಟಿನಲ್ಲಿ, ಅಂದರೆ ರೋಗಿಗೆ ಮಾಡಿದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಡುವ ಹಾಳೆಯಲ್ಲಿ, ಬರೆಯಲು ಮಾತ್ರ ಒಬ್ಬರ ಕೈಯೂ ಬಿಡುವಿರಲಿಲ್ಲ. ದೊಡ್ಡಾಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ಆ ಹುಡುಗಿ ತೀರಿಕೊಂಡಳು. ಬೆಳಿಗ್ಗೆ ಆಡಳಿತದವರು ನನ್ನನ್ನು ಕರೆದು, "ಸಿಸ್ಟರ್, ಶೀಟು ಖಾಲಿ ಇದೆ, ನೀಟಾಗಿ ಇನ್ನೊಂದು ಬರೆದುಬಿಡಿ" ಅಂದರು. ನಾನು ಬರೆದೆ. ಹದಿನೈದು ನಿಮಿಷಕ್ಕೊಂದು ಬಿಪಿ, ನಾಡಿ, ಎಲ್ಲ ಒಂದೇ ಪೆನ್ನಿನಲ್ಲಿ.

ಆ ಹುಡುಗಿಯ ಅಣ್ಣ, ಆಂಬುಲೆನ್ಸ್ ಹತ್ತಿಸುವಾಗಲೇ ಖಾಲಿ ಶೀಟಿನ ಫೋಟೋ ತೆಗೆದುಕೊಂಡಿದ್ದ. ಗ್ರಾಹಕರ ನ್ಯಾಯಾಲಯದಲ್ಲಿ ಅದೂ ಬಂತು, ನನ್ನ ಶೀಟೂ ಬಂತು. ಇಂಜೆಕ್ಷನ್ ಕೊಟ್ಟಿದ್ದು ಒಂದು ಗಂಟೆ ಐದಕ್ಕೆ ಅಂತ ನಾನು ಬರೆದಿದ್ದೆ, ಫ್ರಿಜ್ಜಿನಿಂದ ಔಷಧಿ ತೆಗೆದದ್ದನ್ನು ಬರೆಯುವ ರಿಜಿಸ್ಟರಿನಲ್ಲಿ ಒಂದೂವರೆ ಅಂತಿತ್ತು. ಅದರಲ್ಲೂ ಲೇಬರ್ ರೂಮಿನ ಗಡಿಯಾರ ಹತ್ತು ನಿಮಿಷ ಹಿಂದೆ ಇತ್ತು. ಡಾಕ್ಟರ ಚಿಕಿತ್ಸೆಯಲ್ಲಿ ತಪ್ಪು ತೋರಿಸಲು ಯಾರಿಗೂ ಆಗಲಿಲ್ಲ. ಆದರೆ ಈ ದಾಖಲೆಯನ್ನು ನಂಬುವುದು ಹೇಗೆ ಅಂತ ಕೇಳಿದಾಗ ನಮ್ಮ ಕಡೆ ಉತ್ತರವಿರಲಿಲ್ಲ. ಪರಿಹಾರ ಕಟ್ಟಿಕೊಟ್ಟರು. ಆ ಡಾಕ್ಟರು ಮತ್ತೆ ನನ್ನ ಮುಖ ನೋಡಿ ಮಾತಾಡಿದ್ದು ಎರಡು ವರ್ಷ ಬಿಟ್ಟು. ಆ ಅಣ್ಣನಿಗೆ ಮಾತ್ರ, ನಾವು ತಂಗಿಗಾಗಿ ಆ ರಾತ್ರಿ ಎಷ್ಟು ಒದ್ದಾಡಿದೆವು ಅನ್ನುವುದು ಕೊನೆಗೂ ತಿಳಿಯಲಿಲ್ಲ. ನನ್ನನ್ನು ಈಗಲೂ ಕೊರೆಯುವುದು ಅದೇ.

ಅದಕ್ಕೇ ಪುಟ್ಟಿ, ತಡವಾಗಿ ಬರೆಯುವುದಾದರೆ "ತಡವಾಗಿ ಬರೆದದ್ದು" ಅಂತಲೇ ಬರೆದು, ಬರೆದ ಹೊತ್ತು ಹಾಕಿ ಸಹಿ ಮಾಡು. ತಪ್ಪಾದರೆ ಒಂದು ಗೆರೆ ಎಳೆ, ವೈಟ್ನರ್ ಮುಟ್ಟಬೇಡ. ದಾಖಲೆ ಕೇಳಿದ ರೋಗಿಗೆ ಅಥವಾ ಅವರ ಅಧಿಕೃತ ಕಡೆಯವರಿಗೆ 72 ಗಂಟೆಯೊಳಗೆ ಪ್ರತಿ ಕೊಡಬೇಕೆಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. ಕೇಳಿದವರನ್ನು ಶತ್ರುವಿನ ಹಾಗೆ ನೋಡದೆ ಕೊಟ್ಟುಬಿಡು.

1995ರಲ್ಲಿ ಸುಪ್ರೀಂ ಕೋರ್ಟು ವೈದ್ಯರ ಸೇವೆಯನ್ನೂ ಗ್ರಾಹಕ ಕಾನೂನಿನೊಳಗೆ ತಂದಾಗ ನಮ್ಮ ಡಾಕ್ಟರುಗಳೆಲ್ಲ ಸಿಡಿಮಿಡಿಗೊಂಡಿದ್ದರು. ಆದರೆ ಅದೇ ಕೋರ್ಟು 2005ರಲ್ಲಿ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯರನ್ನು ಅಪರಾಧಿಯಾಗಿ ನಿಲ್ಲಿಸಬಾರದು, ಪೊಲೀಸರು ಮೊದಲು ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು ಅಂತಲೂ ಹೇಳಿತು. ಚಿಕಿತ್ಸೆ ಫಲಿಸದೇ ಹೋದದ್ದೆಲ್ಲ ಅಪರಾಧವಾಗುವುದಿಲ್ಲ. ನಿದ್ದೆಗೆಡುವಾಗ ಇದನ್ನು ನೆನೆಸಿಕೋ.

ಇನ್ನು ಒಪ್ಪಿಗೆ ಪತ್ರ. ನೋವು ತಿನ್ನುತ್ತಿರುವವಳ ಹೆಬ್ಬೆಟ್ಟು ಒತ್ತಿಸಿಕೊಂಡು ಆಪರೇಷನ್ ಥಿಯೇಟರಿಗೆ (ಓಟಿ) ಕರೆದೊಯ್ಯುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. 2008ರಲ್ಲಿ ತೀರ್ಪಾದ ದೆಹಲಿಯ ಒಂದು ಪ್ರಕರಣ ನೀನೂ ಓದಿರುತ್ತೀ. ಪರೀಕ್ಷೆಗೆಂದು ಮಲಗಿದ ಹೆಂಗಸು, ಅರಿವಳಿಕೆಯಲ್ಲಿದ್ದಾಗ ಅವಳ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದರು. ಪ್ರಾಣಾಪಾಯವಿಲ್ಲದಾಗ ಅದು ಒಪ್ಪಿಗೆಯೇ ಆಗದು ಅಂದಿತು ಕೋರ್ಟು. ನಿನ್ನ ಊರಿನ ಕಾಫಿ ತೋಟಗಳಲ್ಲಿ ತಮಿಳಿನವರಿದ್ದಾರೆ, ತುಳುವಿನವರಿದ್ದಾರೆ, ಈಗ ಅಸ್ಸಾಮಿನವರೂ ಬಂದಿದ್ದಾರೆ. ಕನ್ನಡದಲ್ಲಿ ಅಚ್ಚು ಹಾಕಿಸಿದ ಫಾರಂ ಅವರಿಗೆಲ್ಲ ಸಾಲದು. ಅವರ ಮಾತು ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳು, ಹೇಳಿದವರ ಹೆಸರನ್ನೂ ಅಲ್ಲೇ ಬರೆಸು.

ಶಿರಾಡಿ ಘಾಟಿಯ ಅಪಘಾತಗಳು ನಿನ್ನ ಬಾಗಿಲಿಗೇ ಬರುತ್ತವೆ. "ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ) ಕೇಸು, ಹಾಸನಕ್ಕೆ ಹೋಗಿ" ಅನ್ನುವ ಮಾತು ನಿನ್ನ ರಿಸೆಪ್ಷನ್ನಿನಲ್ಲಿ ಹುಟ್ಟಬಾರದು. ಮೊದಲು ಜೀವ, ಆಮೇಲೆ ಪೊಲೀಸು, ಅಡ್ವಾನ್ಸು. 1989ರಲ್ಲೇ ಸುಪ್ರೀಂ ಕೋರ್ಟು ಹೇಳಿದ್ದನ್ನು ನಮ್ಮ ಕೆಪಿಎಂಇ ಕಾಯ್ದೆಯೂ ಹೇಳುತ್ತದೆ. ಬಿಲ್ಲು ಬಾಕಿ ಇದೆಯೆಂದು ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ ಅನ್ನುವುದೂ ಅದರ ತಿದ್ದುಪಡಿಯಲ್ಲೇ ಬಂದದ್ದು. 2017ರ ನವೆಂಬರಿನಲ್ಲಿ ಆ ತಿದ್ದುಪಡಿಯ ವಿರುದ್ಧ ಡಾಕ್ಟರುಗಳು ಆಸ್ಪತ್ರೆ ಮುಚ್ಚಿ ಬೆಳಗಾವಿಗೆ ಹೋದಾಗ ನಾನು ಅವರ ಪರ ಮಾತಾಡಿದ್ದೆ. ಈಗ ನನಗೆ ಹಾಗನ್ನಿಸುವುದಿಲ್ಲ. ದರಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಜಗಳದ ಅರ್ಧ ಬೇರು ಅಲ್ಲೇ ಒಣಗುತ್ತದೆ.

ಸ್ಕ್ಯಾನಿಂಗ್ ಮಷೀನು ಇಡುವುದಾದರೆ ಭ್ರೂಣದ ಲಿಂಗ ಪತ್ತೆ ತಡೆಯಲೆಂದು ಗರ್ಭಿಣಿಯರ ಪ್ರತಿ ಸ್ಕ್ಯಾನಿಗೂ ತುಂಬಬೇಕಾದ ಎಫ್ ಫಾರಂ ಅನ್ನು ಬೇರೆಯವರಿಗೆ ಬಿಡಬೇಡ, ಪ್ರತಿಯೊಂದನ್ನೂ ನೀನೇ ನೋಡು. ಗುಮಾಸ್ತರ ತಪ್ಪು ಅನ್ನುವ ನೆಪ ಅಲ್ಲಿ ನಡೆಯದೆಂದು 2019ರಲ್ಲಿ ತೀರ್ಪಾಗಿದೆ. ಪಕ್ಕದ ಮಂಡ್ಯದಲ್ಲಿ ಆಲೆಮನೆಯೊಳಗೆ ಮಷೀನಿಟ್ಟು ಹೆಣ್ಣು ಭ್ರೂಣ ಹುಡುಕುತ್ತಿದ್ದದ್ದು 2023ರಲ್ಲಿ ಬಯಲಾದಾಗ ನಾನು ಅತ್ತುಬಿಟ್ಟೆ. ಬೆಲ್ಲ ಕಾಯಿಸುವ ಜಾಗ ಅದು. ಎಷ್ಟೇ ಹತ್ತಿರದವರು ಬಂದು "ಸುಮ್ಮನೆ ಹೇಳಮ್ಮ" ಅಂದರೂ ನಿನ್ನ ತುಟಿ ಅಲ್ಲಾಡಬಾರದು. ನಮ್ಮ ಮನೆಯವರೇ ಕೇಳಿದರೂ.

ಕಸದ ಹಳದಿ, ಕೆಂಪು ಚೀಲ, ಎಕ್ಸ್‌ರೇ ಲೈಸೆನ್ಸು ಇವೆಲ್ಲ ಒಂದು ಸಲ ಅಭ್ಯಾಸವಾದರೆ ಭಾರವಲ್ಲ. ಆದರೆ ಬೆಂಕಿಯ ವಿಷಯದಲ್ಲಿ ಸರ್ಟಿಫಿಕೇಟು ಸಿಕ್ಕಿತೆಂದು ಸುಮ್ಮನಾಗಬೇಡ. 2011ರ ಡಿಸೆಂಬರಿನಲ್ಲಿ ಕೋಲ್ಕತ್ತದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ತುಂಬಿಟ್ಟ ಸಾಮಾನಿಗೆ ಬೆಂಕಿ ಹತ್ತಿ, ಮೇಲೆ ಮಲಗಿದ್ದವರು ಹೊಗೆಗೆ ಸತ್ತರು. ನಿನ್ನ ಹಿಂಬಾಗಿಲ ಮುಂದೆ ಹಳೇ ಮಂಚ ಇಟ್ಟಿದ್ದೀರೆಂದು ಕೇಳಿದೆ. ಈ ಕಾಗದ ಸಿಕ್ಕ ದಿನವೇ ತೆಗೆಸು.

ಪ್ರವೇಶಕ್ಕೆ ಎರಡು ದಿನ ಮೊದಲೇ ಬರುತ್ತೇನೆ. ಉಡುಗೊರೆಯೆಂದು ಬೆಳ್ಳಿ ದೀಪ ತರಬೇಕೆಂದಿದ್ದೆ, ಅದರ ಬದಲು ನಾಲ್ಕು ಗಡಿಯಾರ ಕೊಂಡಿದ್ದೇನೆ. ಲೇಬರ್ ರೂಮಿಗೊಂದು, ಓಟಿಗೊಂದು, ವಾರ್ಡಿಗೊಂದು, ಔಷಧಿ ಫ್ರಿಜ್ಜಿನ ಮೇಲೊಂದು. ನಾನೇ ನಿಂತು ನಾಲ್ಕಕ್ಕೂ ಒಂದೇ ಸಮಯ ಹೊಂದಿಸಿ ತೂಗುಹಾಕಿಸುತ್ತೇನೆ. ಮೊಳೆ ಹೊಡೆಸಿಡು.

ಇಂತಿ,
ನಿನ್ನ ಅತ್ತೆ