ನಾಯಿ ಕಡಿಯೋ ಕಡ್ಡಿ ಆರ್ಡರ್: ಶನಿವಾರದೊಳಗ ಹೇಳ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಬಾಗಲಕೋಟೆ ನವನಗರದ ನಾಯಿ ಸಾಕಿದವರ ಸಲುವಾಗಿ ಒಟ್ಟಿಗೆ ತರಿಸಾಕತ್ತೇವಿ: ಬುಲ್ಲಿ ಸ್ಟಿಕ್ (ಕೋಣದ ಜನನಾಂಗ ಒಣಗಿಸಿ ಮಾಡಿದ ಕಡ್ಡಿ), ಸಸ್ಯಾಹಾರಿ ಮನಿಯವರಿಗೆ ಛುರ್ಪಿ (ಹಿಮಾಲಯದ ಗಟ್ಟಿ ಚೀಸ್). ಬೇಕಾದವರು ಶನಿವಾರ ಸಂಜಿ 6ರೊಳಗ ನಾಯಿ ತೂಕ, ವಯಸ್ಸು ಇಲ್ಲೇ ಬರೀರಿ.

ಅಲ್ಲೀತನಕ ಊಟದಾಗ ಉಳಿದ ಮಟನ್, ಕೋಳಿ ಎಲುಬು ದಯವಿಟ್ಟು ಹಾಕಬ್ಯಾಡ್ರಿ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚತೈತಿ. ಗಂಟು ಹಾಕಿದ ಚರ್ಮದ ತುಂಡೂ ಬ್ಯಾಡ, ನುಂಗಿದ್ರ ಹೊಟ್ಟ್ಯಾಗ ಉಬ್ಬಿ ಸಿಗಬೀಳತೈತಿ.

ಕಡಿಯಾಕ ಕೊಡೋ ದನದ ಗೊರಸು ಭಾಳ ದಿನ ಬಾಳತಾವ ಖರೆ, ಆದ್ರ ಹಲ್ಲು ಉಳಿಯಂಗಿಲ್ಲ. ಹೋದ ತಿಂಗಳು ನಮ್ಮ ಮುಧೋಳ ನಾಯಿ ಎಮ್ಮಿ ಗೊರಸು ಕಡೀವಾಗ ಮೇಲಿನ ದೊಡ್ಡ ದವಡಿಹಲ್ಲಿನ ಚಕ್ಕಿ ಎದ್ದು ಬಂತು. ಹಾಲಾಗ ನೆನೆಸಿದ ರೊಟ್ಟೀನೂ ಮೂಸಿ ಬಿಟ್ಟು, ಬಾಗಿಲ ಮೂಲ್ಯಾಗ ಹೋಗಿ ಮಲಗಿತು. ನೋಡಾಕ ಆಗಲಿಲ್ಲ. ಕಡಿಯಾಕ ಏನ ಕೊಟ್ರೂ ಅದನ್ನ ಉಗುರಿನಿಂದ ಒತ್ತಿದ್ರ ಗುರುತು ಬೀಳಬೇಕು, ಅಷ್ಟ ಗಟ್ಟಿ ಸಾಕು. ಛುರ್ಪಿ ಗಟ್ಟಿ ಇದ್ರ ನೀರಾಗ ನೆನೆಸಿ ಕೊಡ್ರಿ. ಹಾಲು ಒಗ್ಗದ ನಾಯಿಗೆ ಬ್ಯಾಡ. ಜಿಂಕಿ ಕೊಂಬು ಯಾರರ ಮಾರಾಕ ಬಂದ್ರ ತಗೋಬ್ಯಾಡ್ರಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ತುಂಡು ನಾಯಿ ಬಾಯಿಗಿಂತ ಉದ್ದ ಇರಲಿ. ಕಡಿಯೋವಾಗ ಹತ್ರನ ಕೂಡ್ರಿ, ನೀರು ಇಡ್ರಿ, ಎರಡು ನಾಯಿ ಇದ್ರ ಬ್ಯಾರೆ ಬ್ಯಾರೆ ಕೊಡ್ರಿ. ಬಾಯಾಗ ಪೂರ್ತಿ ಹಿಡಿಯೋವಷ್ಟು ಸಣ್ಣದಾದ ಕೂಡಲೇ ಕಸಗೊಂಡು ಒಗೀರಿ.

ಹಲ್ಲು ಸಡಿಲಾದ ಮುದಿ ನಾಯಿ, ಹಾಲುಹಲ್ಲಿನ ಮರಿ ಇದ್ದವರು ಮೊದಲು ಡಾಕ್ಟರ್‌ಗೆ ಕೇಳಿ, ಆಮ್ಯಾಲೆ ಹೆಸರು ಕೊಡ್ರಿ. ಬ್ಯಾಡ ಅನ್ನೋರೂ ಒಂದು ಉತ್ತರ ಹಾಕ್ರಿ, ಲೆಕ್ಕ ಹಿಡಿಯಾಕ ಅನುಕೂಲ ಆಗತೈತಿ.