ಜಾರೀತು, ಜಾರಿತು: ಗೆಳೆಯನಿಗೊಂದು ಪತ್ರ

(ಇದು ನನ್ನ ಹಳೆಯ ಗೆಳೆಯನಿಗೆ ಬರೆದ ಪತ್ರ. ನಾಲ್ಕು ಜನ ಓದಲಿ ಅಂತ ಅವನನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬಿಟ್ಟಿದ್ದೇನೆ.)

ಉಡುಪಿ, ಆಟಿ ತಿಂಗಳು

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಮಂಗಳೂರಿನಿಂದ ಕಳಿಸಿದ ಮೆಸೇಜನ್ನು ಬೆಳಿಗ್ಗೆ ನೋಡಿದೆ. ಮಗನಿಗೆ ಹೊಡೆದೆ ಅಂತ ಬರೆದಿದ್ದೆ. ಅವನ ಕನ್ನಡಕ ಹಾರಿ ಮಂಚದ ಅಡಿಗೆ ಹೋಯಿತು, ಅದನ್ನು ಹುಡುಕುವಾಗ ಅವನು ಅಳಲೂ ಇಲ್ಲ ಅಂತ. ಕೊನೆಗೆ ಒಂದು ಸಾಲು: "ಹುಟ್ಟುಗುಣ ಸುಟ್ಟರೂ ಹೋಗದು ಮಾರಾಯ. ನಾನೂ ನನ್ನ ಅಪ್ಪನೇ."

ಕೂಡಲೇ ಫೋನ್ ಮಾಡಬೇಕು ಅನ್ನಿಸಿತು. ಆದರೆ ಫೋನಿನಲ್ಲಿ ನೀನು ಹ್ಞೂಂ ಹ್ಞೂಂ ಅಂತ ಮಾತು ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು.

ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಈ ವರ್ಷ ಅಂಗಳಕ್ಕೆ ಸೋಗೆ ಹಾಸಲು ಆಗಿರಲಿಲ್ಲ, ಎಲ್ಲಿ ಕಾಲಿಟ್ಟರೂ ಪಾಚಿ. ನಿನ್ನೆ ನನ್ನ ಮಗಳು ತುಳಸಿಕಟ್ಟೆಯ ಹತ್ತಿರ ಓಡುತ್ತಿದ್ದಳು. ಅಮ್ಮ ಚಾವಡಿಯಿಂದಲೇ ಕೂಗಿದರು, "ಮೆಲ್ಲ ಮಗಾ, ಜಾರೀತು!" ಆ ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ನಿನ್ನ ಮೆಸೇಜ್ ಮನಸ್ಸಿನಲ್ಲಿ ಇದ್ದದ್ದಕ್ಕೋ ಏನೋ, ನಿನ್ನೆ ಅದು ಬೇರೆಯೇ ಆಗಿ ಕೇಳಿತು.

ಜಾರೀತು. ಜಾರಿತು ಅಲ್ಲ. ಎರಡರ ನಡುವೆ ಇರುವುದು ಒಂದು ದೀರ್ಘ. ಜಾರಿತು ಅಂದರೆ ಮುಗಿದ ಕಥೆ, ಇನ್ನು ಮೊಣಕಾಲಿಗೆ ಅರಸಿನ ಹಚ್ಚಬೇಕು. ಜಾರೀತು ಅಂದರೆ ಇನ್ನೂ ಏನೂ ಆಗಿಲ್ಲ, ಆದರೆ ಆ ಕಡೆಗೆ ಒಂದು ಎಳೆತ ಉಂಟು. ವ್ಯಾಕರಣದ ಪಾಠದಲ್ಲಿ ಇದಕ್ಕೆ ಸಂಭಾವನಾರ್ಥಕ ರೂಪ ಅಂತ ಹೇಳಿಕೊಟ್ಟಿದ್ದರು, ನೆನಪುಂಟಾ? ಬಂದಾನು, ಬಿದ್ದಾಳು, ಒಡೆದೀತು. ಆ ಎಳೆತಕ್ಕೆ ನಮ್ಮ ಭಾಷೆ ಒಂದು ಕ್ರಿಯಾರೂಪವನ್ನೇ ಇಟ್ಟುಕೊಂಡಿದೆ. ನಾವು ದಿನಾ ಬಳಸುತ್ತೇವೆ, ಗಮನಿಸುವುದಿಲ್ಲ.

ಇದಕ್ಕೇ ಇಂಗ್ಲಿಷಿನಲ್ಲಿ ಪ್ರೊಪೆನ್ಸಿಟಿ ಅನ್ನುವುದು, ನಾವು ಒಲವು ಅನ್ನೋಣ. ಆ ಶಬ್ದ ನಿನಗೆ ಹೊಸದಲ್ಲ. ಡಿಗ್ರಿಯಲ್ಲಿ ಎಕನಾಮಿಕ್ಸ್ ಪೇಪರಿಗೆ ಇಬ್ಬರೂ ಬಾಯಿಪಾಠ ಮಾಡಿದ್ದೆವು: ಕೇನ್ಸ್, 1936, ಪ್ರೊಪೆನ್ಸಿಟಿ ಟು ಕನ್ಸ್ಯೂಮ್, ಅಂದರೆ ಖರ್ಚು ಮಾಡುವ ಒಲವು. ಆದಾಯ ನೂರು ರೂಪಾಯಿ ಹೆಚ್ಚಾಗಿ ಅದರಲ್ಲಿ ಎಂಬತ್ತು ಖರ್ಚಾದರೆ 0.8. ಐದು ಮಾರ್ಕು ಸಿಕ್ಕಿತು, ಮರೆತೆವು. ಆಮೇಲೆ ನೀನು ಅಂಗಡಿ ಹಾಕಿದೆ, ನಾನು ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರಾದೆ. ನನ್ನ ವಿಷಯದಲ್ಲಿ ಆ ಶಬ್ದಕ್ಕೆ ಇನ್ನೂ ದೊಡ್ಡ ಕಥೆ ಇದೆ. ಅದನ್ನು ನಿನಗೆ ಹೇಳಲೇಬೇಕು.

ಹೋದ ವಾರ ಅಟ್ಟದಲ್ಲಿ ಅಜ್ಜಿಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ನಾಲ್ಕು ಕವಡೆ. ಆಡಿ ಆಡಿ ಬೆನ್ನು ನುಣ್ಣಗಾಗಿದೆ, ಒಂದರ ಬೆನ್ನು ಸ್ವಲ್ಪ ಸವೆದಿದೆ. ನಾಣ್ಯವಾದರೆ ಎರಡೂ ಬದಿ ಒಂದೇ ಥರ, ಅರ್ಧ ಅರ್ಧ ಅಂತ ನೋಡಿಯೇ ಹೇಳಬಹುದು. ಕವಡೆಗೆ ಹಾಗೆ ಹೇಳಲು ಆಗುವುದಿಲ್ಲ. ಒಂದು ಕಡೆ ಬಾಯಿ, ಇನ್ನೊಂದು ಕಡೆ ಗುಂಡು ಬೆನ್ನು. ನಾನು ಕೆಂಪು ಸಿಮೆಂಟಿನ ನೆಲದ ಮೇಲೆ ಕೂತು ಒಂದೊಂದನ್ನೂ ನೂರು ಸಲ ಎಸೆದೆ, ಮಗಳು ಗೆರೆ ಹಾಕಿ ಲೆಕ್ಕ ಇಟ್ಟಳು. ನಾಲ್ಕೂ ಬೇರೆ ಬೇರೆ. ಬೆನ್ನು ಸವೆದದ್ದಕ್ಕೆ ಅದರದ್ದೇ ಒಂದು ಚಾಳಿ.

ಆ ಚಾಳಿ ಎಲ್ಲಿ ಇರುತ್ತದೆ? ಕವಡೆಯ ಒಳಗಾ?

ಹೌದು ಅಂದವರು ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್. 1910ರಲ್ಲಿ ಬರೆದದ್ದು. ದಾಳಕ್ಕೆ ಒಂದು 'ವುಡ್-ಬಿ' ಇರುತ್ತದೆ, ಅದು ಮನುಷ್ಯನ ಅಭ್ಯಾಸದ ಹಾಗಿನ ಒಂದು ಗುಣ ಅಂದರು. ಅವರ ಭಾಷೆಯಲ್ಲಿ ಅದಕ್ಕೆ ನಮ್ಮ ಹಾಗೆ ಒಂದೇ ಕ್ರಿಯಾರೂಪ ಇರಲಿಲ್ಲ, ಎರಡು ಶಬ್ದ ಜೋಡಿಸಿ ಕಟ್ಟಬೇಕಾಯಿತು. ನಮ್ಮಲ್ಲಿ 'ಬಿದ್ದೀತು' ಅಂದರೆ ಆಯಿತು. ಆದರೆ ಪರ್ಸ್ ಮಾತು ಅಲ್ಲಿಗೇ ನಿಂತರೆ ನೀನು ಬರೆದದ್ದೇ ಸರಿಯಾಗಿಬಿಡುತ್ತದೆ. ಗುಣ ದಾಳದ್ದು, ಸಿಟ್ಟು ನಿನ್ನದು, ಅಪ್ಪನಿಂದ ಬಂದದ್ದು, ಮುಗಿಯಿತು.

ಕಾರ್ಲ್ ಪಾಪರ್ ಅಲ್ಲಿಗೆ ನಿಲ್ಲಲಿಲ್ಲ. ಲಂಡನ್ನಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರಾಗಿದ್ದವರು. 1957ರಲ್ಲಿ ಮತ್ತು 1959ರಲ್ಲಿ ಬಂದ ಎರಡು ಲೇಖನಗಳಲ್ಲಿ ಅವರು ಹೇಳಿದ್ದು ಇಷ್ಟು: ಈ ಒಲವು ದಾಳ ಒಂದರದ್ದೇ ಅಲ್ಲ. ದಾಳ, ಅದನ್ನು ಎಸೆಯುವ ರೀತಿ, ಅದು ಬೀಳುವ ಜಾಗ, ಭೂಮಿಯ ಎಳೆತ, ಎಲ್ಲ ಸೇರಿದ ಏರ್ಪಾಡಿನದ್ದು. ಒಂದು ಬದಿ ಭಾರ ಮಾಡಿದ ದಾಳವನ್ನು ಗುರುತ್ವದ ಎಳೆತ ಕಮ್ಮಿ ಇರುವ ಕಡೆ ಎಸೆದರೆ ಆ ಭಾರದ ಆಟ ಅಷ್ಟು ನಡೆಯುವುದಿಲ್ಲ. ದಾಳ ಅದೇ. ಚಾಳಿ ಮಾತ್ರ ಬೇರೆ.

ನಾನು ಇದನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಮೊನ್ನೆ ಮಲ್ಪೆಗೆ ಹೋದಾಗ ಮಾತ್ರ ಕಣ್ಣಾರೆ ನೋಡಿದೆ. ಯಾಂತ್ರಿಕ ಮೀನುಗಾರಿಕೆಗೆ ಮಳೆಗಾಲದ ರಜೆ ಇರುವ 61 ದಿನ ಅಲ್ವಾ, ದೊಡ್ಡ ದೋಣಿಗಳೆಲ್ಲ ದಡದಲ್ಲಿ. ಕವಡೆ ಜೇಬಿನಲ್ಲೇ ಇತ್ತು. ಒದ್ದೆ ಮರಳಿನ ಮೇಲೆ ಎಸೆದೆ. ನಮ್ಮ ಮನೆಯ ನೆಲದಲ್ಲಿ ಅದು ಎರಡು ಮೂರು ಸಲ ಪುಟಿದು, ತಿರುಗಿ, ಆಮೇಲೆ ಕೂರುತ್ತದೆ. ಮರಳಿನಲ್ಲಿ ತಿರುಗಲೇ ಇಲ್ಲ. ಬಿದ್ದ ಹಾಗೇ ಹುಗಿದುಕೊಂಡಿತು. ಒಮ್ಮೆ ಬಾಯಿಯೂ ಅಲ್ಲ, ಬೆನ್ನೂ ಅಲ್ಲ, ಮಗ್ಗುಲಾಗಿ ನಿಂತಿತು. ಮನೆಯಲ್ಲಿ ನಾನೂರು ಸಲ ಎಸೆದಾಗ ಒಂದು ಸಲವೂ ಹಾಗೆ ಆಗಿರಲಿಲ್ಲ. ನನಗೆ ಅಲ್ಲೇ ನಿನ್ನ ನೆನಪಾಯಿತು. ನಿನ್ನ ಮೆಸೇಜ್ ಆಗಿನ್ನೂ ಬಂದಿರಲಿಲ್ಲ. ನಿನ್ನ ಅಪ್ಪನ ನೆನಪೂ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನೀನು ಕೇಳಬಹುದು, "ಅಪ್ಪನಿಂದ ಪೆಟ್ಟು ತಿಂದವರು ಮಕ್ಕಳಿಗೆ ಹೊಡೆಯುವುದು ಜಾಸ್ತಿಯಲ್ವಾ?" ಅಂತ. ಜಾಸ್ತಿ ಇರಬಹುದು. ಆದರೆ ಅದು ಗುಂಪಿನ ಲೆಕ್ಕ. ರಿಚರ್ಡ್ ಫಾನ್ ಮೀಸಸ್ ಅಂತ ಇನ್ನೊಬ್ಬ ಗಣಿತಜ್ಞರು ಇದ್ದರು. ವಿಮೆಯ ಉದಾಹರಣೆ ಕೊಟ್ಟು, ನಲವತ್ತು ವರ್ಷದ ಗಂಡಸರ ಗುಂಪಿನ ಸಾವಿನ ಸಂಭವನೀಯತೆ ಹೇಳಬಹುದು, ಒಬ್ಬನದ್ದು ಅಂತ ಹೇಳುವುದಕ್ಕೆ ಅರ್ಥವೇ ಇಲ್ಲ ಅಂದರು. ಪಾಪರ್ ಮೊದಲು ಆ ಕಡೆಯವರೇ ಆಗಿದ್ದರು. ಆಮೇಲೆ ಅವರಿಗೆ ಒಂದು ಪ್ರಶ್ನೆ ಎದುರಾಯಿತು. ಭಾರದ ದಾಳವನ್ನು ಸಾವಿರಾರು ಸಲ ಎಸೆಯುತ್ತಾ ಹೋಗು. ನಡುವೆ ಎರಡೋ ಮೂರೋ ಸಲ ಮಾತ್ರ ಸರಿಯಾದ ದಾಳ ಎಸೆ. ಸಾಲು ಒಂದೇ, ಲೆಕ್ಕ ಒಂದೇ. ಹಾಗಂತ ಆ ಎರಡು ಮೂರು ಎಸೆತಕ್ಕೆ ಭಾರದ ದಾಳದ ಲೆಕ್ಕ ಹಾಕುತ್ತೀಯಾ? ಹಾಕುವುದಿಲ್ಲ. ಆ ಎಸೆತದ ಹೊತ್ತಿಗೆ ಕೈಯಲ್ಲಿ ಏನಿತ್ತು ಅದನ್ನೇ ನೋಡಬೇಕು. ನೀನು ಅಜ್ಜ, ಅಪ್ಪ, ನಾನು ಅಂತ ಒಂದು ಸಾಲು ಮಾಡಿ ಅದರ ಕೊನೆಯಲ್ಲಿ ಹೋಗಿ ನಿಂತಿದ್ದೀ. ನಿನ್ನ ಎಸೆತ ನಿನ್ನದು ಕಣೋ.

ಹುಟ್ಟಿನಿಂದಲೇ ಬಂದದ್ದಕ್ಕೂ ಇದು ಹೊಂದುತ್ತದಾ ಅಂತ ನನಗೂ ಅನುಮಾನ ಇತ್ತು. ಫಿನೈಲ್‌ಕೀಟೋನ್ಯೂರಿಯಾ ಅನ್ನುವ ಕಾಯಿಲೆಯ ಬಗ್ಗೆ ಓದಿದ ಮೇಲೆ ಆ ಅನುಮಾನ ಹೋಯಿತು. ನಾವು ತಿನ್ನುವ ಪ್ರೋಟೀನಿನಲ್ಲಿ ಇರುವ ಒಂದು ಅಂಶ ಈ ಮಕ್ಕಳ ಮೈಯಲ್ಲಿ ಕರಗಿ ಹೋಗುವುದಿಲ್ಲ, ಸೇರುತ್ತಾ ಹೋಗಿ ಮಿದುಳನ್ನು ಹಾಳುಮಾಡುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಜೀನ್ ಬಂದರೆ ಆಯಿತು. ಇದಕ್ಕಿಂತ ದೊಡ್ಡ ಹುಟ್ಟುಗುಣ ಯಾವುದುಂಟು? 1934ರಲ್ಲಿ ನಾರ್ವೆಯಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳಿಗೆ ಏನಾಗಿದೆ ಅಂತ ಬಿಡದೆ ಕೇಳಿದ್ದರಿಂದ ಆಸ್ಬ್ಯೋರ್ನ್ ಫೋಲಿಂಗ್ ಅನ್ನುವ ಡಾಕ್ಟರು ಇದನ್ನು ಕಂಡುಹಿಡಿದರು. 1950ರ ದಶಕದಲ್ಲಿ ಆ ಅಂಶ ಕಮ್ಮಿ ಇರುವ ಆಹಾರ ಕೊಟ್ಟು ನೋಡಿದರು. 1960ರ ದಶಕದಲ್ಲಿ ಹಸುಗೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆ ಮಾಡುವುದು ಶುರುವಾಯಿತು. ಹುಟ್ಟಿದ ಕೆಲವೇ ದಿನದಲ್ಲಿ ಗೊತ್ತಾಗಿ ಊಟ ಬದಲಾಯಿಸಿದರೆ ಆ ಮಗು ಉಳಿದ ಮಕ್ಕಳ ಹಾಗೇ ಓದುತ್ತದೆ, ಆಡುತ್ತದೆ. ಜೀನ್ ಹೋಗಿಲ್ಲ, ಸುಟ್ಟರೂ ಹೋಗದು. ತಟ್ಟೆಯಲ್ಲಿ ಇರುವುದು ಬದಲಾಗಿದೆ. ಈ ಭಾಗ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ.

ಪಾಪರ್ ಮಾತಿಗೂ ತೊಡಕು ಉಂಟು, ಅದನ್ನು ಮುಚ್ಚಿಡಬಾರದು. 1985ರಲ್ಲಿ ಪಾಲ್ ಹಂಫ್ರೀಸ್ ಅನ್ನುವ ತತ್ವಜ್ಞಾನಿ ತೋರಿಸಿದ್ದು. ಸಂಭವನೀಯತೆಯ ಲೆಕ್ಕವನ್ನು ಹಿಂದುಮುಂದು ಮಾಡಬಹುದು. ಡೆಂಗಿ ಇದ್ದವನಿಗೆ ಟೆಸ್ಟ್ ಪಾಸಿಟಿವ್ ಬರುವ ಸಂಭವ ಎಷ್ಟು ಅಂತ ಕೇಳಬಹುದು. ಪಾಸಿಟಿವ್ ಬಂದವನಿಗೆ ಡೆಂಗಿ ಇರುವ ಸಂಭವ ಎಷ್ಟು ಅಂತಲೂ ಕೇಳಬಹುದು. ಆದರೆ ಎಳೆತ ಒಂದೇ ಕಡೆಗೆ. ಟೆಸ್ಟ್ ಪಾಸಿಟಿವ್ ಬಂತು ಅಂತ ಹೋದ ವಾರ ಸೊಳ್ಳೆ ಬಂದು ಕಚ್ಚುವುದಿಲ್ಲ. ಹಾಗಾಗಿ ಎಲ್ಲ ಸಂಭವನೀಯತೆಯನ್ನೂ ಒಲವು ಅಂತ ಕರೆಯಲು ಆಗುವುದಿಲ್ಲ. ನನಗೆ ಇದು ಸರಿ ಅನ್ನಿಸುತ್ತದೆ. ಒಲವು ಹಿಂದಕ್ಕೆ ಹೋಗುವುದಿಲ್ಲ. ನೀನು ಹೊಡೆದದ್ದೂ ಹಿಂದಕ್ಕೆ ಹೋಗುವುದಿಲ್ಲ.

ಅದನ್ನು ನೇರವಾಗಿಯೇ ಹೇಳುತ್ತೇನೆ. ಹೊಡೆದಾನು ಅನ್ನುವುದು ಬೇರೆ, ಹೊಡೆದನು ಅನ್ನುವುದು ಬೇರೆ. ಇಲ್ಲೂ ಒಂದೇ ದೀರ್ಘ. ಮೊದಲನೆಯದಕ್ಕೆ ನಿನ್ನ ಅಪ್ಪ, ಅಂಗಡಿಯ ಸಾಲ, ರಾತ್ರಿ ಒಂಬತ್ತೂವರೆಯ ಹಸಿವು ಎಲ್ಲ ಸೇರಿರಬಹುದು. ಎರಡನೆಯದು ನಿನ್ನದು. ಮಗನ ಹತ್ತಿರ ಕೂತು ತಪ್ಪಾಯಿತು ಅಂತ ಹೇಳು. ಹುಟ್ಟುಗುಣ ಅಂತ ಅವನಿಗೆ ಮಾತ್ರ ಹೇಳಬೇಡ. ಅವನೂ ಆ ಸಾಲಿನಲ್ಲಿ ಬಂದು ನಿಂತಾನು.

ಇನ್ನೊಂದು ವಿಷಯ. ಥೈರಾಯ್ಡಿಗೆ ಕೊಡುವ ವಿಕಿರಣಶೀಲ ಅಯೋಡಿನ್-131 ಗೊತ್ತಲ್ವಾ, ಎಂಟು ದಿನದಲ್ಲಿ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಿರುತ್ತವೆ. ಉಳಿದ ಒಂದು ಪರಮಾಣುವನ್ನು ನೋಡು. ಎಂಟು ದಿನ ತಡೆದುಕೊಂಡದ್ದರಿಂದ ಅದು ಗಟ್ಟಿಯಾಗಿಲ್ಲ, ಮೆತ್ತಗೂ ಆಗಿಲ್ಲ. ಮುಂದಿನ ಎಂಟು ದಿನಕ್ಕೂ ಅದೇ ಅರ್ಧ. ಅದಕ್ಕೆ ನಿನ್ನೆ ಅನ್ನುವುದೇ ಇಲ್ಲ. ಅರಿಸ್ಟಾಟಲ್ ಇದನ್ನೇ ಕಲ್ಲಿನ ಬಗ್ಗೆ ಹೇಳಿದ್ದರು. ಹತ್ತು ಸಾವಿರ ಸಲ ಮೇಲಕ್ಕೆ ಎಸೆದರೂ ಮೇಲೆ ಹೋಗುವ ಅಭ್ಯಾಸ ಕಲ್ಲಿಗೆ ಬರುವುದಿಲ್ಲ, ಮನುಷ್ಯನಿಗೆ ಮಾತ್ರ ಮಾಡುತ್ತಾ ಮಾಡುತ್ತಾ ಬರುತ್ತದೆ. ನೀನು ಒಂದು ರಾತ್ರಿ ಕೈ ಎತ್ತದೆ ಎದ್ದು ಹೊರಗೆ ಹೋದರೆ ಮರುದಿನದ ನೀನು ಅಷ್ಟರ ಮಟ್ಟಿಗೆ ಬೇರೆ. ಅಜ್ಜಿಯ ಕವಡೆಯೂ ಆಡಿ ಆಡಿ ಸವೆದು ಚಾಳಿ ಬದಲಾಯಿಸಿಕೊಂಡಿದೆ.

ಈಗ ನಿನ್ನ ಅಪ್ಪ. ಹಂಚಿನ ಕಾರ್ಖಾನೆಯ ಭಟ್ಟಿಯ ಮುಂದೆ ದಿನವಿಡೀ ನಿಂತು ಬರುತ್ತಿದ್ದರು. ಅವರ ಸೈಕಲಿನ ಸ್ಟ್ಯಾಂಡ್ ಹಾಕುವ ಸದ್ದು ಕೇಳಿದರೆ ನೀನು ಆಟ ಬಿಟ್ಟು ಓಡುತ್ತಿದ್ದೆ. ಶನಿವಾರ ಸಂಬಳ, ಅದೇ ಸಂಜೆ ಅಂಗಡಿ ಸಾಲದವರು. ಶನಿವಾರ ನಾವ್ಯಾರೂ ನಿಮ್ಮ ಮನೆ ಕಡೆ ಬರುತ್ತಿರಲಿಲ್ಲ. ಅದು ನಿನಗೆ ನೆನಪಿದೆ, ಅದೊಂದೇ ನೆನಪಿದೆ.

ಭಾನುವಾರ? ಕಲ್ಯಾಣಪುರದ ಹೊಳೆಬದಿ? ಒಂದು ಸಲ ಗಾಳ ಬೀಸುವಾಗ ನಿನ್ನದು ತಪ್ಪಿ ನನ್ನ ಹೆಬ್ಬೆರಳಿಗೆ ಚುಚ್ಚಿಕೊಂಡಿತು. ನೀನು ಬಿಳಿಚಿಕೊಂಡು ನಿಂತಿದ್ದೆ, ಇವತ್ತು ಚರ್ಮ ಸುಲಿಯುತ್ತಾರೆ ಅಂತ. ಅವರು ನನ್ನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಗಾಳಕ್ಕೆ ಹಿಮ್ಮುಳ್ಳು ಇರುತ್ತದೆ, ಎಳೆದರೆ ಮಾಂಸ ಹರಿಯುತ್ತದೆ ಅಂತ ಹೇಳಿ, ಬೀಡಿ ಬಾಯಲ್ಲೇ ಇಟ್ಟುಕೊಂಡು, ಮುಂದಕ್ಕೆ ತಳ್ಳಿ, ತುದಿ ಹೊರಗೆ ಬಂದ ಮೇಲೆ ಇಕ್ಕಳದಲ್ಲಿ ತುಂಡು ಮಾಡಿ ತೆಗೆದರು. ಆಮೇಲೆ ನಿನ್ನ ಕಡೆ ತಿರುಗಿ, "ಬೀಸುವ ಮೊದಲು ಹಿಂದೆ ನೋಡು ಮಗಾ" ಅಂದರು. ಅಷ್ಟೇ. ನಿನ್ನ ತಲೆ ಸವರಿದರು. ನನ್ನ ಬೆರಳಿನಲ್ಲಿ ಆ ಕಲೆ ಈಗಲೂ ಇದೆ, ಈ ಪತ್ರ ಟೈಪ್ ಮಾಡುವಾಗ ಕಾಣುತ್ತಿದೆ.

ಅವರೂ ನಿನ್ನ ಅಪ್ಪನೇ. ನಾನೂ ನನ್ನ ಅಪ್ಪನೇ ಅಂತ ಬರೆದೆಯಲ್ಲ, ಯಾವ ಅಪ್ಪ?

ಒಂದು ಕೆಲಸ ಮಾಡು. ಮಗನಿಗೆ ಲೆಕ್ಕ ಹೇಳಿಕೊಡುವುದನ್ನು ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಇಟ್ಟುಕೊಳ್ಳಬೇಡ. ಬೆಳಿಗ್ಗೆ ಅರ್ಧ ಗಂಟೆ ಸಾಕು. ಮನೆಗೆ ಬಂದ ಕೂಡಲೇ ಮೊದಲು ಊಟ. ಮೊಬೈಲಿನಲ್ಲಿ ವ್ಯಾಪಾರದ ಲೆಕ್ಕ ನೋಡುತ್ತಾ ಅವನ ಜೊತೆ ಮಾತಾಡಬೇಡ. ಇವು ಸಣ್ಣ ವಿಷಯಗಳೇ. ನಮ್ಮ ಅಂಗಳಕ್ಕೆ ಹಾಸುವ ಸೋಗೆಯೂ ಅಷ್ಟೇ, ಒಣಗಿದ ಎಲೆ.

ಬರುವ ಭಾನುವಾರ ಅವನನ್ನು ಕರೆದುಕೊಂಡು ಬಾ. ಹೊಳೆ ತುಂಬಿ ಕೆಂಪಾಗಿದೆ, ಗಾಳ ಹಾಕಲು ಆಗದು. ಚಾವಡಿಯಲ್ಲಿ ಕೂತು ಕವಡೆ ಆಡೋಣ. ಬೆನ್ನು ಸವೆದದ್ದನ್ನು ಅವನಿಗೆ ಕೊಡುತ್ತೇನೆ, ನೂರು ಸಲ ಎಸೆದು ಬರೆದಿಡಲಿ. ಅಮ್ಮ ಪತ್ರೊಡೆ ಮಾಡುತ್ತಾರಂತೆ.

ಇವತ್ತು ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಗೇಟಿನಿಂದ ಮೆಟ್ಟಿಲಿನವರೆಗೆ ಸೋಗೆ ಹಾಸಿದ್ದೇನೆ.

ನಿನ್ನ ಗೆಳೆಯ